ಕಬ್ಬಿನ ಹಾಲು ಬಿದ್ದ ಕೂದಲು

ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷ. ರಾಯಚೂರಿನ ಬಸ್ಸಿಗೆ ಇನ್ನೆಷ್ಟು ಹೊತ್ತಿದೆ ಎಂದು ಆಗಷ್ಟೇ ಮೊಬೈಲು ತೆಗೆದು ನೋಡಿದ್ದೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಮಾನ್ವಿ ಬಸ್ ನಿಲ್ದಾಣದ ಎದುರು ಬೇವಿನ ಮರದ ಕೆಳಗೆ ಕಬ್ಬಿನ ಹಾಲಿನ ಗಾಡಿ. ನನ್ನ ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಐಸು ಹಾಕಿಸಿದ ಗ್ಲಾಸು. ತಂಗಿ ಶಾಂತಾ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ನಿಂತಿದ್ದಳು. ಅವಳ ಮಗಳು ಪಲ್ಲವಿಗೆ ಆರು ವರ್ಷ. ಕಬ್ಬು ಒಂದು ಕಡೆ ದುಂಡಗೆ ಹೋಗಿ ಇನ್ನೊಂದು ಕಡೆ ಚಪ್ಪಟೆಯಾಗಿ ಬರುವುದು ಹೇಗೆ ಎಂದು ನೋಡಲು ಅವಳು ಬಗ್ಗಿದಳು. ಬಿಟ್ಟಿದ್ದ ಕೂದಲು ಭುಜದ ಮೇಲಿಂದ ಮುಂದಕ್ಕೆ ಜಾರಿತು. ಕಬ್ಬಿನ ಜೊತೆ ಅದೂ ಒಳಗೆ ಹೋಯಿತು.

ಗಾಡಿಯ ಮುದುಕ ನಮಗಿಂತ ಮೊದಲು ನೋಡಿದ. ಕಂಬಕ್ಕೆ ಕಟ್ಟಿದ್ದ ಸ್ವಿಚ್ಚನ್ನು ಅಂಗೈಯಿಂದ ಹೊಡೆದ. ಮೋಟಾರು ನಿಂತಿತು. "ಅಲುಗಾಡಬ್ಯಾಡ ಬೇಟಾ, ಅಲುಗಾಡಬ್ಯಾಡ" ಎನ್ನುತ್ತಲೇ ದೊಡ್ಡ ಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸಿದ. ಹೋದ ಕೂದಲು, ಹಾಲಿನಲ್ಲಿ ಅದ್ದಿದಂತೆ ತೊಯ್ದು, ನಿಧಾನವಾಗಿ ಹೊರಗೆ ಬಂತು. ಹುಡುಗಿಯ ಕೆನ್ನೆಗೂ ಆ ಕಬ್ಬಿಣದ ಉರುಳೆಗೂ ನಡುವೆ ಒಂದು ಗೇಣು ಜಾಗವಿತ್ತು. ಆ ಗೇಣನ್ನು ನಾನು ಇವತ್ತಿಗೂ ಅಳೆಯುತ್ತಿರುತ್ತೇನೆ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಗೆರೆ ಎಳೆಯುವಾಗ, ಅಂಗಡಿಯಲ್ಲಿ ಬಟ್ಟೆ ಹರಿಯುವುದನ್ನು ನೋಡುವಾಗ, ಕೈ ತಾನಾಗಿಯೇ ಗೇಣು ಹಾಕುತ್ತದೆ.

ಆ ಹೊತ್ತಿನಲ್ಲಿ ನಾನೇನು ಮಾಡುತ್ತಿದ್ದೆ ಎಂದು ನೀವು ಕೇಳಬಹುದು. ಗ್ಲಾಸು ಹಿಡಿದು ನಿಂತಿದ್ದೆ. ಒಂದು ತೊಟ್ಟೂ ಚೆಲ್ಲಿರಲಿಲ್ಲ. ಬಿ.ಎಸ್ಸಿ., ಬಿ.ಎಡ್. ಓದಿ, ಗುಂಜಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಚಕ್ರ, ಹಲ್ಲಿನ ಗಾಲಿ, ಘರ್ಷಣೆ ಎಲ್ಲ ಕಲಿಸುವ ವಿಜ್ಞಾನದ ಮೇಷ್ಟ್ರು, ನಿಜವಾದ ಚಕ್ರದ ಮುಂದೆ ಗ್ಲಾಸಿನ ಸ್ಟ್ಯಾಂಡಿನಂತೆ ನಿಂತಿದ್ದೆ.

ಗಾಯ ದೊಡ್ಡದೇನಲ್ಲ. ಎಡಗಿವಿಯ ಹಿಂದೆ ಸ್ವಲ್ಪ ಚರ್ಮ ಸುಲಿದಿತ್ತು, ಒಂದು ಹಿಡಿ ಕೂದಲು ಕಿತ್ತು ಹೋಗಿತ್ತು. ಮಾನ್ವಿಯಲ್ಲೇ ಡಾಕ್ಟರು ಔಷಧಿ ಹಚ್ಚಿ, ಗಾಯ ಒಣಗುವವರೆಗೆ ತಲೆಗೆ ನೀರು ಹಾಕಬೇಡಿ ಎಂದರು. ಮುದುಕ ದುಡ್ಡು ತೆಗೆದುಕೊಳ್ಳಲಿಲ್ಲ. ಗಾಡಿಗೆ ಗೋಣಿಚೀಲ ಹೊದಿಸಿ ಆ ದಿನದ ವ್ಯಾಪಾರ ಮುಗಿಸಿಬಿಟ್ಟ. 

ಕೂದಲು ಯಾಕೆ ಬಿಟ್ಟಿತ್ತು ಎಂಬುದನ್ನೂ ಹೇಳಬೇಕು. ಮಾನ್ವಿಯಲ್ಲಿ ನೆಂಟರ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೋಗಿದ್ದೆವು. ಬೆಳಗ್ಗೆ ತಲೆ ಎರೆದು, ಒಣಗಲಿ ಎಂದು ಬಿಟ್ಟ ಕೂದಲನ್ನು ಎಲ್ಲರೂ ಹೊಗಳಿದ್ದೇ ಹೊಗಳಿದ್ದು. "ಎಷ್ಟ್ ಛಂದ ಅದಾವಲ್ಲವ್ವ ಕೂದ್ಲ, ಹೆಳಲು ಹಾಕಬ್ಯಾಡ್ರಿ, ಹಿಂಗ ಇರಲಿ." ಹೊಗಳಿಸಿಕೊಂಡ ಪಲ್ಲವಿ ಸಂಜೆಯವರೆಗೂ ರಿಬ್ಬನ್ನು ಮುಟ್ಟಗೊಡಲಿಲ್ಲ.

ಕೂದಲ ವಿಷಯದಲ್ಲಿ ಮಾತಾಡಲು ನನಗೆ ಯಾವ ಅಧಿಕಾರವೂ ಇಲ್ಲ, ಬಿಡಿ. ಮೂವತ್ತಕ್ಕೇ ನನ್ನ ತಲೆ ಬಯಲಾಯಿತು. ಹೆಣ್ಣು ನೋಡಲು ಹೋದ ಕಡೆಗಳಲ್ಲೆಲ್ಲ ಅವರು ನನ್ನ ಪಗಾರ ಕೇಳುವ ಮೊದಲು ಹಣೆ ನೋಡುತ್ತಿದ್ದರು, ಅದು ಎಲ್ಲಿಗೆ ಮುಗಿಯುತ್ತದೆ ಎಂದು. ಕೊನೆಗೆ ನೋಡುವುದನ್ನೇ ಬಿಟ್ಟೆ. ರಾಯಚೂರಿನ ನಮ್ಮ ಮನೆಯಲ್ಲಿ ಕೆಳಗೆ ನಾನು ಮತ್ತು ಪಲ್ಲವಿ ಆಯಿ ಎನ್ನುವ ನಮ್ಮ ಅವ್ವ, ಮೇಲೆ ಶಾಂತಾ ಮತ್ತು ಪಲ್ಲವಿ. ಶಾಂತಾಳ ಗಂಡ ಲಾರಿಯವನು, ಹದಿನೈದು ದಿನಕ್ಕೊಮ್ಮೆ ಬಂದು ನಿದ್ದೆ ಮಾಡಿ ಹೋಗುತ್ತಾನೆ. ಹೀಗಾಗಿ ಮನೆಯಲ್ಲಿ ಕೂದಲೆಂಬುದು ಹೆಂಗಸರ ರಾಜ್ಯ. ನಾನು ಅಲ್ಲಿ ಪರದೇಶಿ.

ಆದರೂ ನೆನಪುಗಳು ತಲೆಯ ಒಳಗಿರುತ್ತವಲ್ಲ, ಹೊರಗಲ್ಲ. ನಾವು ಸಣ್ಣವರಿದ್ದಾಗ ಮಧ್ಯಾಹ್ನದ ಹೊತ್ತು ಓಣಿಯ ಕಟ್ಟೆಯ ಮೇಲೆ ಹೆಂಗಸರು ಸಾಲಾಗಿ ಕೂರುತ್ತಿದ್ದರು. ಒಬ್ಬಳ ತಲೆಯನ್ನು ಹಿಂದಿನವಳು ನೋಡುವುದು, ಅವಳ ತಲೆಯನ್ನು ಅವಳ ಹಿಂದಿನವಳು. ಹೇನು ಸಿಕ್ಕರೆ ಎರಡು ಉಗುರಿನ ನಡುವೆ ಟಕ್ ಎನ್ನುವ ಸದ್ದು. ಆ ಸದ್ದಿನ ನಡುನಡುವೆ ಊರ ಸುದ್ದಿಯೆಲ್ಲ ಇತ್ಯರ್ಥವಾಗುತ್ತಿತ್ತು. ಬಾಚಿ ಬಂದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ತುರುಕುತ್ತಿದ್ದರು. ಕೂದಲು ಕೊಳ್ಳುವವಳು ಬುಟ್ಟಿ ಹೊತ್ತು ಬಂದರೆ ಆ ಉಂಡೆಗೆ ಪಿನ್ನು, ಸೂಜಿ, ಒಮ್ಮೊಮ್ಮೆ ಗಾಳಿ ಊದುವ ಪುಗ್ಗ ಸಿಗುತ್ತಿತ್ತು. ಪುಗ್ಗದ ಆಸೆಗೆ ನಾನು ಊರ ಗೋಡೆಗಳ ಸಂದಿಯೆಲ್ಲ ಹುಡುಕುತ್ತಿದ್ದೆ. ಇನ್ನೊಬ್ಬರ ಕೂದಲು ಕದ್ದ ಪಾಪಕ್ಕೇ ನನ್ನವು ಉದುರಿದವು ಎಂದು ಶಾಂತಾ ಈಗಲೂ ಹೇಳುತ್ತಾಳೆ.

ಇರಲಿ, ಪಲ್ಲವಿಗೆ ಬರೋಣ.

ಗಾಯ ವಾರದಲ್ಲಿ ಒಣಗಿತು. ಹೆದರಿಕೆ ಒಣಗಲಿಲ್ಲ. ಯಾರ ಕೈಯಾದರೂ ಅವಳ ತಲೆಯ ಹಿಂದೆ ಹೋದರೆ ಸಾಕು, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕುಸಿದು ಕೂರುತ್ತಿದ್ದಳು. ರಾತ್ರಿ ಚೀರಿ ಏಳುತ್ತಿದ್ದಳು. ಅವಳ ಚೀರಾಟಕ್ಕೆ ಶಾಂತಾ ಏಳುವುದು, ಶಾಂತಾಳ ಹೆಜ್ಜೆಯ ಸದ್ದಿಗೆ ಕೆಳಗೆ ಅವ್ವ ಏಳುವುದು. ನಾನು ಮೊದಲೇ ಎಚ್ಚರವಿದ್ದು ಚಕ್ರ ತಿರುಗುವುದನ್ನು ನೋಡುತ್ತಾ ಮಲಗಿರುತ್ತಿದ್ದೆ. ಮನೆಯಲ್ಲಿ ಯಾರಿಗೂ ಸರಿಯಾದ ನಿದ್ದೆ ಇಲ್ಲ. ಶಾಲೆಯಲ್ಲಿ ನಾನು ಕುರ್ಚಿಯ ಮೇಲೇ ತೂಕಡಿಸುವುದನ್ನು ನೋಡಿ ಮಕ್ಕಳು ಪಿಸುಗುಟ್ಟುತ್ತಿದ್ದರು.

ಇದರ ನಡುವೆ ಕೂದಲು ತನ್ನ ಪಾಡಿಗೆ ತಾನು ಕೆಲಸ ಶುರು ಮಾಡಿತ್ತು. ಕಬ್ಬಿನ ಹಾಲು ಒಣಗಿ ಅಂಟಾಗಿತ್ತು. ಅದರ ಮೇಲೆ ರಾಯಚೂರಿನ ಬಿಸಿಲು, ಬೆವರು, ಧೂಳು. ಮೇಲೆ ರಾತ್ರಿಯಿಡೀ ಒರಟು ದಿಂಬಿನ ಮೇಲೆ ಹೊರಳಾಟ. ಮೊದಲು ತುದಿಯಲ್ಲಿ ಸಣ್ಣ ಸಣ್ಣ ಗಂಟು. ಆಮೇಲೆ ಗಂಟಿಗೆ ಗಂಟು ಸೇರಿ ಹಗ್ಗದಂಥವು. ಕಿವಿಯ ಹಿಂದಿನದಂತೂ ಕಂಬಳಿಯ ತುಂಡಿನಂತೆ ಬಿಗಿದುಕೊಂಡಿತು. ಶಾಂತಾ ತಲೆಗೆ ನೀರೆರೆಯಲು ಕರೆದರೆ, ಬಾಚಲು ಹಣಿಗೆ ಹಿಡಿದರೆ ಸಾಕು, ಹುಡುಗಿ ಮೆಟ್ಟಿಲಿಳಿದು ಓಟ.

ನಾನು ಸುಮ್ಮನಿರುವವನೇ? ಮೊಬೈಲಿನಲ್ಲಿ ಮಕ್ಕಳ ಕೂದಲ ಸಿಕ್ಕು ಬಿಡಿಸುವ ವಿಡಿಯೋಗಳನ್ನೆಲ್ಲ ನೋಡಿದೆ. ತಿಳಿದದ್ದಿಷ್ಟು: ಸಿಕ್ಕನ್ನು ಬುಡದಿಂದ ಎಳೆಯಬಾರದು, ತುದಿಯಿಂದ ಬಿಡಿಸುತ್ತಾ ಮೇಲೆ ಹೋಗಬೇಕು. ಗಂಟಿನ ಮೇಲ್ಭಾಗವನ್ನು ಮುಷ್ಟಿಯಲ್ಲಿ ಹಿಡಿದರೆ ಎಳೆತ ತಲೆಗೆ ತಾಗುವುದಿಲ್ಲ. ಮೊದಲು ಎಣ್ಣೆ, ಆಮೇಲೆ ಬೆರಳು, ಕೊನೆಗೆ ಅಗಲ ಹಲ್ಲಿನ ಹಣಿಗೆ. ಶಾಂತಾಳಿಗೆ ಇದನ್ನೆಲ್ಲ ಪಾಠ ಮಾಡಿದಂತೆ ಹೇಳಿದೆ.

"ಅಣ್ಣಾ, ಇದೆಲ್ಲಾ ನನಗ ಗೊತ್ತದ. ಆಕಿ ಕುಂದ್ರಬೇಕಲ್ಲ? ಕುಂದ್ರಸೋ ವಿಡಿಯೋ ಇದ್ರ ತೋರ್ಸು."

ಅಂಥ ವಿಡಿಯೋ ಇರಲಿಲ್ಲ.

ಒಂದು ದಿನ ಎದುರು ಮನೆಯ ಮಲ್ಲಮ್ಮ ನೀರಿಗೆ ಬಂದವಳು ಪಲ್ಲವಿಯನ್ನು ನೋಡಿ ಕೊಡ ಕೆಳಗಿಟ್ಟಳು. ಎರಡೂ ಕೈ ಜೋಡಿಸಿದಳು. ಅವ್ವನ ಕಡೆ ತಿರುಗಿ ದನಿ ತಗ್ಗಿಸಿ ಹೇಳಿದಳು: "ಯಕ್ಕಾ, ಜಡಿ ಇಳದಾವಲ್ಲಬೇ ಕೂಸಿಗೆ. ಹಣಿಗಿ ಮುಟ್ಟಿಸೀರಿ ಮತ್ತ. ತಾಯಿ ಸುಮ್ನ ಬರಂಗಿಲ್ಲ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಒಂದು ಮಾತು. ಹೆಣ್ಣುಮಗುವಿನ ಕೂದಲು ತಾನಾಗಿ ಗಂಟುಗಟ್ಟಿ ಹಗ್ಗವಾದರೆ ಅದು ಸಿಕ್ಕಲ್ಲ, ಎಲ್ಲಮ್ಮ ತಾಯಿ ಆ ಮಗುವನ್ನು ತನ್ನವಳೆಂದು ಕರೆದ ಗುರುತು ಎಂಬ ನಂಬಿಕೆ ಹಳೆಯದು. ಅಂಥ ಕೂದಲಿಗೆ ಹಣಿಗೆ ಇಲ್ಲ, ಕತ್ತರಿ ಇಲ್ಲ, ಅರಿಶಿಣ ಹಚ್ಚಿ ಪೂಜೆ. ಹಿಂದೆ ಆ ಪೂಜೆಯ ಕೊನೆಗೆ ಹುಡುಗಿಯ ಕೊರಳಿಗೆ ಮುತ್ತು ಕಟ್ಟಿ ದೇವರಿಗೆ ಬಿಡುತ್ತಿದ್ದರು. ಬಿಟ್ಟ ಮೇಲೆ ಅವಳಿಗೆ ಮದುವೆ ಇಲ್ಲ, ತನ್ನದೆಂಬ ಮನೆ ಇಲ್ಲ, ಊರ ಗಂಡಸರಿಗೆಲ್ಲ ಅವಳ ಬಾಗಿಲು ತೆರೆದೇ ಇರಬೇಕು. ಈಗ ಕಾನೂನಿದೆ, ಯಾರೂ ಬಹಿರಂಗವಾಗಿ ಮಾಡುವುದಿಲ್ಲ. ಆದರೆ ನಂಬಿಕೆ ಕಾನೂನು ಓದಿರುವುದಿಲ್ಲ.

ಮರುದಿನ ಶಾಲೆಯಿಂದ ಬಂದಾಗ ಪಲ್ಲವಿಯ ಕಿವಿಯ ಹಿಂದಿನ ಗಂಟಿಗೆ ಅರಿಶಿಣ ಕುಂಕುಮ ಇತ್ತು.

"ಯಾರು ಹಚ್ಚಿದ್ರು ಇದನ್ನ?"

"ಆಯಿ ಹಚ್ಯಾಳ ಮಾಮಾ," ಎಂದಳು ಪಲ್ಲವಿ, ಖುಷಿಯಿಂದ. "ಇನ್ನ ಮ್ಯಾಲೆ ಯಾರೂ ನನ್ನ ತಲಿ ಬಾಚಂಗಿಲ್ಲಂತ."

ಕಬ್ಬಿನ ಗಾಡಿಯ ಮುಂದೆ ಆಗದಷ್ಟು ಹೆದರಿಕೆ ನನಗೆ ಆಗ ಆಯಿತು. ಆ ಯಂತ್ರಕ್ಕಾದರೂ ಒಂದು ಸ್ವಿಚ್ಚು ಇತ್ತು.

ಅವ್ವ ಕೆಟ್ಟವಳಲ್ಲ. ಮೊಮ್ಮಗಳೆಂದರೆ ಪ್ರಾಣ. ಕೂಲಿ ಮಾಡಿ ನಮ್ಮಿಬ್ಬರನ್ನೂ ಓದಿಸಿದವಳು. ನಾನು ಜಗಳ ಮಾಡಿದೆ, ವಿಜ್ಞಾನ ಹೇಳಿದೆ. ಅವಳು ಒಂದೇ ಮಾತು ಹೇಳಿದಳು: "ನಿನ್ನ ಸಾಲಿ ಪಾಠ ನನಗ ಬ್ಯಾಡ. ಯಂತ್ರದ ಬಾಯಾಗಿಂದ ಕೂಸನ್ನ ಬಿಡಿಸಿದಾಕಿ ಯಾರು? ಆಕಿ ಬೇಡಿದ್ದು ಕೊಡಲಿಲ್ಲಂದ್ರ ಇನ್ನೊಮ್ಮೆ ಬಿಡಸ್ತಾಳೇನು?" ಅವಳ ಭಯಕ್ಕೂ ನನ್ನ ಭಯಕ್ಕೂ ಬೇರು ಒಂದೇ ಇತ್ತು. ಅವಳೂ ರಾತ್ರಿಯೆಲ್ಲ ಆ ಗಾಡಿಯನ್ನೇ ನೋಡುತ್ತಿದ್ದಳು, ತಾನು ನೋಡಿರದ ಗಾಡಿಯನ್ನು.

ಶಾಂತಾ ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ದೇವದುರ್ಗಕ್ಕೆ ಫೋನು ಮಾಡಿದಳು. ದೇವದುರ್ಗದಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ, ಅವ್ವನ ಅಕ್ಕ. ಆಕೆಗೆ ಸಣ್ಣವಳಿದ್ದಾಗ ಜಡೆ ಬಿದ್ದಿದ್ದವು. ಮೊದಲು ಅರಿಶಿಣ ಬಂತು, ಆಮೇಲೆ ಮುತ್ತು ಬಂತು. ಆಮೇಲಿನ ಬದುಕನ್ನು ದೊಡ್ಡವ್ವ ನಮಗೆ ಹೇಳಿಲ್ಲ, ನಾವು ಕೇಳಿಲ್ಲ. ನಡುವಯಸ್ಸಿನಲ್ಲಿ ಯಾವುದೋ ಸಂಘದ ಹೆಣ್ಣುಮಕ್ಕಳು ಆಕೆಯನ್ನು ಒಪ್ಪಿಸಿ ಆ ಭಾರವನ್ನೆಲ್ಲ ಕತ್ತರಿಸಿ ತೆಗೆದರು. ಈಗ ಆಕೆಯ ತಲೆಯಲ್ಲಿ ಬಿಳಿಯ ಗಿಡ್ಡ ಕೂದಲು.

ದೊಡ್ಡವ್ವ ಬೆಳಗಿನ ಬಸ್ಸಿಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ನನ್ನನ್ನು ಮಾತಾಡಿಸಿದಳು: "ಏನಲೇ ಮಾಸ್ತರಾ, ಇದ್ದ ನಾಕ್ ಕೂದಲನೂ ಹ್ವಾದ್ವಲ್ಲೋ? ಮಳಿ ಬಂದ್ರ ಸೀದಾ ಜಾರಿ ಹೋಗ್ತದ ನೋಡು." ಆಮೇಲೆ ಪಲ್ಲವಿಯನ್ನು ಎದುರಿಗೆ ಕೂರಿಸಿಕೊಂಡಳು, ಬೆನ್ನು ಮಾಡಿಸಿ ಅಲ್ಲ. ಅರಿಶಿಣ ಹಚ್ಚಿದ ಗಂಟನ್ನು ಮೂಸಿದಳು.

"ಏನಂತ ಈಕಿಗೆ?"

"ತಾಯಿ ಬಂದಾಳಕ್ಕ," ಎಂದಳು ಅವ್ವ.

"ಎಲ್ಲಿ ತಾಯಿ? ಕಬ್ಬಿನ ಹಾಲು ವಾಸನಿ ಹೊಡ್ಯಾಕತ್ತದ. ಇನ್ನೊಂದು ಎರಡ್ ದಿನ ಬಿಟ್ರ ಇರುವಿ ಬರ್ತಾವ, ತಾಯಿ ಬರಂಗಿಲ್ಲ."

ಪಲ್ಲವಿ ಕಿಸಕ್ಕನೆ ನಕ್ಕಳು. ಅವ್ವ ನಗಲಿಲ್ಲ. "ಹಂಗ ಅನಬ್ಯಾಡಕ್ಕ. ನಿನಗ ಬಂದಾಗ ಯಾರೂ ಹಂಗ ಅನಲಿಲ್ಲ."

"ಅನಲಿಲ್ಲಲ್ಲ, ಅದ ತಪ್ಪಾತು." ದೊಡ್ಡವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬಸ್ಸಿನ ಸೆಕೆಯ ಬಗ್ಗೆ ಹೇಳುವ ಹಾಗೆಯೇ ಹೇಳಿದಳು. "ನನಗ ಬಂದದ್ದೂ ತಾಯಿ ಅಲ್ಲಬೇ. ನಿನ್ನ ಹಡದು ಅವ್ವ ಹಾಸಿಗಿ ಹಿಡಿದಿದ್ಲು. ಅಪ್ಪ ಕೂಲಿಗೆ ಹೋಗ್ತಿದ್ದ. ಮನ್ಯಾಗ ಎಣ್ಣಿ ಇದ್ದಿದ್ದಿಲ್ಲ, ನನ್ನ ತಲಿಗೆ ಹಣಿಗಿ ಹಚ್ಚೋ ಕೈ ಇದ್ದಿದ್ದಿಲ್ಲ. ದಿನಾ ನಿನ್ನ ತೊಟ್ಟಿಲಾ ತೂಗಿಕೋತ ಅಲ್ಲೇ ನೆಲದ ಮ್ಯಾಲೆ ಮಲಗ್ತಿದ್ದೆ. ಸಿಕ್ಕಾತು. ಅಷ್ಟ."

ಅವ್ವ ಎದ್ದು ಒಳಗೆ ಹೋದಳು. ಚಹಾಕ್ಕೆ ನೀರಿಟ್ಟ ಸದ್ದು ಕೇಳಿತು. ಆ ಚಹಾ ಬರಲು ಬಹಳ ಹೊತ್ತು ಹಿಡಿಯಿತು.

ಸಂಜೆ ದೊಡ್ಡವ್ವ ಮಹಡಿಯ ಮೆಟ್ಟಿಲ ಮೇಲೆ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಕೂತಳು. ಬಾಚುವ ಮಾತೇ ಎತ್ತಲಿಲ್ಲ. "ಮಾಮಾನ ತಲಿಗೆ ಎಣ್ಣಿ ಹಚ್ಚೋರು ಯಾರು? ಪಾಪ, ಬಿಸಲಿಗೆ ಕಾದು ಹಂಚಾಗೇದ," ಎಂದಳು. ಪಲ್ಲವಿ ಓಡಿ ಬಂದಳು. ನಾನು ಕೆಳಗಿನ ಮೆಟ್ಟಿಲಲ್ಲಿ ಕೂತೆ, ಪಲ್ಲವಿ ನನ್ನ ಹಿಂದಿನ ಮೆಟ್ಟಿಲಲ್ಲಿ. ಬಟ್ಟಲಲ್ಲಿ ಅಂಗೈ ಅದ್ದಿ ನನ್ನ ತಲೆಯ ಮೇಲೆ ತಟ್ಟತೊಡಗಿದಳು. ಎಣ್ಣೆ ಹಿಡಿದುಕೊಳ್ಳಲು ಅಲ್ಲಿ ಏನೂ ಇಲ್ಲದ್ದರಿಂದ ಅದೆಲ್ಲ ನನ್ನ ಕಿವಿಯೊಳಗೆ, ಕನ್ನಡಕದ ಮೇಲೆ, ಅಂಗಿಯ ಕಾಲರಿಗೆ ಇಳಿಯಿತು.

"ನಿನಗ ನೂವಾಕತ್ತದೇನು ಮಾಮಾ?"

"ಭಾಳ ನೂವಾಕತ್ತದ. ಸಾವಕಾಶ."

"ನೀ ಬಂದ್ ಅನ್ನು, ನಾ ಬಂದ್ ಮಾಡ್ತೀನಿ."

"ಬಂದ್," ಎಂದೆ. ಕೈ ನಿಂತಿತು. "ಚಾಲೂ," ಎಂದೆ. ಮತ್ತೆ ತಟ್ಟತೊಡಗಿತು. ಸ್ವಲ್ಪ ಹೊತ್ತು ಈ ಆಟ ನಡೆಯಿತು. ಆಮೇಲೆ ಶಾಂತಾ, ಅವಳ ಹಿಂದಿನ ಮೆಟ್ಟಿಲಲ್ಲಿ ಕೂತವಳು, ಕೇಳಿದಳು: "ನಾನೂ ನಿನ್ನ ತಲಿಗೆ ಹಚ್ಲೇನು? ನೀ ಬಂದ್ ಅಂದಕೂಡ್ಲೆ ಬಂದ್."

ಪಲ್ಲವಿಯ ಕೈ ನನ್ನ ತಲೆಯ ಮೇಲೆ ಹಾಗೇ ನಿಂತುಬಿಟ್ಟಿತು. ಬೆರಳುಗಳು ಬಿಗಿಯಾದದ್ದು ನನಗೆ ತಿಳಿಯಿತು. ಅವಳು ಎಷ್ಟು ಹೆದರಿದ್ದಾಳೆ ಎಂದು ನನ್ನ ಬೋಳುತಲೆಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿಯಲಿಲ್ಲ.

"ನಾ ಅನ್ನೋದಕ್ಕಿಂತ ಮೊದಲ ಎಳೀಬಾರದು."

"ಎಳ್ಯಂಗಿಲ್ಲ."

ಆ ಸಂಜೆ ಎಣ್ಣೆ ಹಚ್ಚಿದ್ದಷ್ಟೇ. ಅದೂ ಎಷ್ಟು ಸಲ ಬಂದ್ ಆಯಿತೋ! ಶಾಂತಾ ಪ್ರತಿ ಸಲ ಎರಡೂ ಕೈ ಮೇಲೆತ್ತಿ ತೋರಿಸಬೇಕಿತ್ತು, ಪೊಲೀಸರ ಮುಂದೆ ನಿಂತವರ ಹಾಗೆ. ಮರುದಿನ ತುದಿಯ ಸಣ್ಣ ಗಂಟುಗಳು ಬೆರಳಿನಿಂದ ಬಿಟ್ಟವು. ಗಂಟಿನ ಮೇಲ್ಭಾಗವನ್ನು ಶಾಂತಾ ಮುಷ್ಟಿಯಲ್ಲಿ ಹಿಡಿದು ಕೆಳಗಿನಿಂದ ಒಂದೊಂದೇ ಎಳೆ ಬಿಡಿಸುತ್ತಿದ್ದಳು. ಆಮೇಲಿನ ಸಂಜೆಗಳಲ್ಲಿ ಹಣಿಗೆಗೂ ಅಪ್ಪಣೆ ಸಿಕ್ಕಿತು. ಮೆಟ್ಟಿಲ ಮೇಲೆ ನಾವು ಹಾಗೆ ಒಬ್ಬರ ಹಿಂದೆ ಒಬ್ಬರು ಕೂತಿರುವುದನ್ನು ನೋಡಿ ಮಲ್ಲಮ್ಮ ಒಂದು ಸಲ ಕೊಡ ಹಿಡಿದು ನಿಂತಳು.

"ಏನ್ರೀ ಮಾಸ್ತರ, ನಿಮ್ಮ ತಲ್ಯಾಗ ಏನ್ ಹುಡಕಾಕತ್ತಾಳ್ರೀ ಆಕಿ?"

"ಬುದ್ಧಿ ಹುಡಕಾಕತ್ತಾಳವ್ವ, ಇನ್ನಾ ಸಿಕ್ಕಿಲ್ಲ," ಎಂದಳು ದೊಡ್ಡವ್ವ. ಮಲ್ಲಮ್ಮ ನಕ್ಕಳು. ಹುಡುಗಿಯ ತಲೆಯ ಕಡೆ ಒಮ್ಮೆ ನೋಡಿದಳು, ಈ ಸಲ ಕೈ ಜೋಡಿಸದೆ ಹೋದಳು.

ಹೆರಳು ಹಾಕಿ ಮಲಗಿಸುವುದು, ದಿಂಬಿಗೆ ಶಾಂತಾಳ ಹಳೆಯ ನುಣುಪು ಸೀರೆಯ ತುಂಡು ಸುತ್ತುವುದು, ಎಲ್ಲ ಶುರುವಾಯಿತು. ಚೀರಾಟ ಕಡಿಮೆಯಾಯಿತು, ನಿಲ್ಲಲಿಲ್ಲ. ಯಾಕೆಂದರೆ ಕಿವಿಯ ಹಿಂದಿನ ಆ ಗಂಟು ಇನ್ನೂ ಹಾಗೇ ಇತ್ತು. ಎಣ್ಣೆಯೂ ಅದರೊಳಗೆ ಹೋಗುತ್ತಿರಲಿಲ್ಲ. ಅಲ್ಲಿ ಕೈ ಹೋದರೆ ಬಂದ್, ಬಂದ್, ಬಂದ್. ಪ್ರತಿದಿನ ಬೆಳಗ್ಗೆ ಅದರ ಮೇಲೆ ಹೊಸ ಅರಿಶಿಣವೂ ಇರುತ್ತಿತ್ತು. ಅವ್ವನಿಗೆ ಯಾರೂ ಏನೂ ಅನ್ನಲಿಲ್ಲ. ದೊಡ್ಡವ್ವ ಅನ್ನಗೊಡಲಿಲ್ಲ.

ಶನಿವಾರ ಸಂಜೆ ದೊಡ್ಡವ್ವ ಕತ್ತರಿ ತರಿಸಿದಳು. ಶಾಂತಾ ಕೈ ಚಾಚಿದಾಗ ಕೊಡಲಿಲ್ಲ. "ನಿನ್ನ ಅವ್ವನ ಕರಿ," ಎಂದಳು.

ಅವ್ವ ಬಾಗಿಲಲ್ಲಿ ನಿಂತಳು. "ನನ್ನ ಕೈಲೆ ಆಗಂಗಿಲ್ಲಕ್ಕ."

"ಇದನ್ನ ಶಾಂತಾ ಕತ್ತರಿಸಿದ್ರ ನಾಳೆ ಕೂಸಿಗೆ ಸಣ್ಣ ನೆಗಡಿ ಬಂದ್ರೂ ನೀ ಆಕಿಗೆ ಅಂತೀ. ನೀನ ಕತ್ತರಿಸು. ನನ್ನ ಕೂದಲಾ ಕತ್ತರಿಸೋ ಹೊತ್ತಿನಾಗ ನನ್ನ ಮಗ್ಗಲಕ ನಮ್ಮೋರು ಅಂತ ಒಬ್ಬರೂ ಇದ್ದಿದ್ದಿಲ್ಲ, ಗೊತ್ತದೇನು? ಕುಂದ್ರು ಬಾ."

ಅವ್ವ ಮೆಟ್ಟಿಲ ಮೇಲೆ ಕೂತಳು. ಪಲ್ಲವಿ ತಿರುಗಿ ನೋಡಿ ಹೇಳಿದಳು: "ಆಯಿ, ನಾ ಬಂದ್ ಅಂದ್ರ ನಿಲ್ಲಿಸ್ತಿ ಹೌದಿಲ್ಲ?"

"ನಿಲ್ಲಿಸ್ತೀನವ್ವ. ನೀ ಅನ್ನು." ಅವ್ವನ ದನಿ ಕೇಳಿದರೆ, ಅನ್ನಲಿ ಎಂದೇ ಅವಳು ಕಾಯುತ್ತಿದ್ದಂತಿತ್ತು.

ಪಲ್ಲವಿ ನನ್ನ ತಲೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ನಾನು ಕಣ್ಣು ಮುಚ್ಚಿದೆ. ಕತ್ತರಿ ಮೆಲ್ಲಗೆ, ತಡೆದು ತಡೆದು, ಗಟ್ಟಿ ಬಟ್ಟೆ ಕತ್ತರಿಸುವಾಗಿನ ಸದ್ದು ಮಾಡಿತು. ಪಲ್ಲವಿ ಬಂದ್ ಎನ್ನಲಿಲ್ಲ. ಕಣ್ಣು ತೆರೆದು ತಿರುಗಿದಾಗ ಗಂಟು ಅವ್ವನ ಅಂಗೈಯಲ್ಲಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ದೊಡ್ಡವ್ವ ತಂಗಿಯ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದಳು. ಆ ಗಂಟನ್ನು ಅವ್ವ ಆಮೇಲೆ ಏನು ಮಾಡಿದಳೋ, ನಾವು ಕೇಳಲಿಲ್ಲ.

ಆ ರಾತ್ರಿ ಏನಾದರೂ ಆದೀತು ಎಂದು ಅವ್ವ ಕಾಯುತ್ತಾಳೆಂದು ನನಗೆ ಗೊತ್ತಿತ್ತು. ಹುಡುಗಿಗೆ ಜ್ವರ ಬರಬಹುದು, ಚೀರಿ ಏಳಬಹುದು, ಹೆಜ್ಜೆ ಸದ್ದಾಗಬಹುದು. ಆಕೆ ಕಾಯುವುದನ್ನು ನಾನು ಕಾಯೋಣ ಎಂದು ಮಲಗಿದೆ.

ಎಚ್ಚರವಾದಾಗ ಮುಖದ ಮೇಲೆ ಬಿಸಿಲಿತ್ತು. ಭಾನುವಾರ. ಹಾಲಿನವನು ಬಂದು, ಕೂಗಿ, ಪಾಕೀಟನ್ನು ಕಿಟಕಿಯಲ್ಲಿ ಸಿಗಿಸಿ ಹೋಗಿದ್ದ. ಧಡಕ್ಕನೆ ಎದ್ದೆ. ಮೆಟ್ಟಿಲು ಹತ್ತಿ ನೋಡಿದೆ. ಪಲ್ಲವಿ ಬಾಯಿ ತೆರೆದುಕೊಂಡು ಮಲಗಿದ್ದಳು, ಅವಳ ಹೆರಳು ಶಾಂತಾಳ ಕುತ್ತಿಗೆಯ ಮೇಲೆ ಬಿದ್ದಿತ್ತು. ಇಬ್ಬರೂ ಅಲುಗಲಿಲ್ಲ. ಇಳಿದು ಬಂದು ಅವ್ವನ ಕೋಣೆಗೆ ಇಣುಕಿದೆ. ನನಗೆ ಬುದ್ಧಿ ಬಂದಾಗಿನಿಂದ ಸೂರ್ಯನಿಗಿಂತ ಮೊದಲು ಏಳದ ದಿನವಿಲ್ಲ ಅವಳಿಗೆ. ಅವತ್ತು ಚಾಪೆಯ ಮೇಲೆ ಅಕ್ಕನ ತೋಳಿಗೆ ತಲೆಯಿಟ್ಟು, ಸಣ್ಣಗೆ ಗೊರಕೆ ಹೊಡೆಯುತ್ತಾ ಮಲಗಿದ್ದಳು. ದೊಡ್ಡವ್ವನಿಗೆ ಎಚ್ಚರವಿತ್ತು. ನನ್ನನ್ನು ನೋಡಿ, ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟಳು.